ಪರದೇಶದಲ್ಲಿ ಪತ್ತು

2022ರ ನವೆಂಬರ್ ತಿಂಗಳ ಒಂದು ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ, ಟೆಕ್ಸಾಸಿನಿಂದ ಮಗಳ ಫೋನು ಬಂತು. ಅಲ್ಲಿ ಆಗ ಹಿಂದಿನ ದಿನದ ರಾತ್ರಿ. ಎಂ.ಎಸ್. ಓದಲು ಹೋಗಿ ಮೂರು ತಿಂಗಳಾಗಿತ್ತು. ಮುಖ ತೋರಿಸುವ ಮೊದಲೇ ಒಂದು ಕಾಗದವನ್ನು ಕ್ಯಾಮೆರಾಕ್ಕೆ ಹಿಡಿದು, "ಅಮ್ಮ, ಇದನ್ನ ಓದು" ಅಂದಳು. ಅದೊಂದು ಬ್ಯಾಂಕಿನ ಪತ್ರ. ಅವಳು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದಳು, ಕೊಡಲಾಗುವುದಿಲ್ಲ ಎಂದು ಬರೆದಿದ್ದರು. ಕಾರಣವೂ ಇತ್ತು: ನಿಮ್ಮ ಹೆಸರಿನಲ್ಲಿ ಸಾಲದ ದಾಖಲೆ ಏನೂ ಇಲ್ಲ.

"ಊರಲ್ಲಿ ನನ್ನ ಹೆಸರಲ್ಲೇ ಓದಿನ ಸಾಲ ಇದೆಯಲ್ಲಮ್ಮ? ಅಪ್ಪನ ಹೆಸರು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಇಲ್ಲಿ ನಾನು ಯಾರೂ ಅಲ್ವಾ?" ಅಂದಳು. ಗಂಟಲು ಕಟ್ಟಿತ್ತು.

ಆ ಮಾತು ನನಗೆ ನಾಟಿತು. ಯಾಕೆಂದರೆ ಹೊಸದುರ್ಗ ತಾಲ್ಲೂಕಿನ ನಮ್ಮ ಭಾಗದ ಒಂದು ಪತ್ತಿನ ಸಹಕಾರ ಸಂಘದಲ್ಲಿ 28 ವರ್ಷ ಖಾತೆ ಪುಸ್ತಕ ಬರೆದವಳು ನಾನು. ಯಾರಿಗೆ ಪತ್ತು ಇದೆ, ಯಾರಿಗೆ ಇಲ್ಲ ಎನ್ನುವುದನ್ನು ದಿನಾ ನೋಡಿದವಳು. ಈಗ ನನ್ನ ಮಗಳಿಗೇ ಪತ್ತಿಲ್ಲ ಎನ್ನುವ ಕಾಗದ ಕಣ್ಣ ಮುಂದೆ ಇತ್ತು. ಮುಂದಿನ ಎರಡು ಭಾನುವಾರ ನಾವಿಬ್ಬರೂ ಫೋನಿನಲ್ಲೇ ಕೂತು ಇದರ ದಾರಿ ಹುಡುಕಿದೆವು. ಮತ್ತೋಡು, ಶ್ರೀರಾಂಪುರ, ಹೊಳಲ್ಕೆರೆ, ಹಿರಿಯೂರು ಕಡೆಯಿಂದ ಈಗ ಎಷ್ಟೋ ಮಕ್ಕಳು ಹೊರದೇಶಕ್ಕೆ ಹೋಗುತ್ತಿದ್ದಾರೆ. ಅವರ ಮನೆಯವರಿಗೆ ಉಪಯೋಗಕ್ಕೆ ಬರಲಿ ಎಂದು ನಾವು ಕಲಿತದ್ದನ್ನು ಇವತ್ತು ಹೇಳುತ್ತೇನೆ.

ಮೊದಲು ಪತ್ತು ಅಂದರೇನು ಎನ್ನುವ ಮಾತು. ಮತ್ತೋಡಿನಲ್ಲಿ ಒಂದು ಕಾಲಕ್ಕೆ ಗಾಜಿನ ಬಳೆಯ ಕುಲುಮೆಗಳಿದ್ದವು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಬಳೆ ಕೆಲಸದ ಬಗ್ಗೆ ಬರೆದಿಟ್ಟಿದ್ದಾನೆ. ನನ್ನ ಅಜ್ಜಿಯ ಕಾಲಕ್ಕೆ ಉಳಿದದ್ದು ಬಳೆಗಾರರು ಮಾತ್ರ. ಮಲಾರ ಹೊತ್ತು ಬಂದ ಬಳೆಗಾರ ಜಗಲಿಯಲ್ಲಿ ಕೂತು ಮನೆಯ ಹೆಂಗಸರಿಗೆಲ್ಲ ಬಳೆ ತೊಡಿಸಿ, ದುಡ್ಡು ಕೇಳದೆ ಎದ್ದು ಹೋಗುತ್ತಿದ್ದನಂತೆ. ಸುಗ್ಗಿಯಲ್ಲಿ ಬಂದರೆ ಮೊರದ ತುಂಬ ರಾಗಿ. ಕಾಗದ ಇಲ್ಲ, ಸಹಿ ಇಲ್ಲ. ಯಾವ ಮನೆಯವರು ಕೊಡುತ್ತಾರೆ, ಯಾವ ಮನೆಯವರು ಮುಂದಿನ ಸುಗ್ಗಿ ಅನ್ನುತ್ತಾರೆ ಎನ್ನುವುದು ಅವನ ತಲೆಯಲ್ಲಿತ್ತು. ಅದೇ ಪತ್ತು. ಪತ್ತು ಅಂದರೆ ದುಡ್ಡಲ್ಲ, ಸಾಲವೂ ಅಲ್ಲ. ಹೇಳಿದ ದಿನಕ್ಕೆ ಹಿಂದಕ್ಕೆ ಕೊಟ್ಟವರು ಎಂದು ಇನ್ನೊಬ್ಬರ ನೆನಪಿನಲ್ಲಿ ಉಳಿಯುವ ಹೆಸರು.

ನಮ್ಮ ಸಂಘದಲ್ಲಿ ಆ ನೆನಪು ಪುಸ್ತಕಕ್ಕೆ ಬಂದಿತ್ತು. ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಪುಟ. ಎಡಕ್ಕೆ ಕಂತಿನ ದಿನ, ಬಲಕ್ಕೆ ಕಟ್ಟಿದ ದಿನ. ಎರಡೂ ಹೊಂದಿದರೆ ನೀಲಿ ಶಾಯಿ. ತಪ್ಪಿದರೆ ಕೆಂಪು ಶಾಯಿಯಲ್ಲಿ 'ಸುಸ್ತಿ' ಎಂದು ಬರೆಯಬೇಕು. ಆ ಪದ ಬರೆಯುವಾಗ ನನ್ನ ಕೈ ಯಾವತ್ತೂ ಹಗುರಾಗಲಿಲ್ಲ. ಮಳೆ ಕೈಕೊಟ್ಟ ವರ್ಷ ಒಳ್ಳೆಯವರ ಪುಟದಲ್ಲೂ ಅದನ್ನು ಬರೆಯಬೇಕಾಗುತ್ತಿತ್ತು.

ಅಮೆರಿಕದಲ್ಲಿ ಆ ಪುಸ್ತಕ ಬರೆಯುವವರು ಮೂವರು: ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್. ಇದೇ ಹೆಸರುಗಳು ನಮ್ಮ ದೇಶದಲ್ಲೂ ಇವೆ. ಇಲ್ಲಿ ಸಿಬಿಲ್ ನಡೆಸುವುದೂ ಟ್ರಾನ್ಸ್‌ಯೂನಿಯನ್ನೇ. ಆದರೆ ಹೆಸರು ಒಂದಾದರೂ ಪುಸ್ತಕ ಬೇರೆ. ಹೊಸದುರ್ಗದ ಬ್ಯಾಂಕು ಬರೆದ ಪುಟ ಡಲ್ಲಾಸಿನ ಬ್ಯಾಂಕಿಗೆ ಕಾಣುವುದಿಲ್ಲ. ಈಚೆಗೆ ಒಂದು ಸಣ್ಣ ಕಿಂಡಿ ತೆರೆದಿದೆ, ನಿಜ. ಅರ್ಜಿದಾರರು ಒಪ್ಪಿದರೆ ಅವರ ಭಾರತದ ದಾಖಲೆಯನ್ನು ತರಿಸಿ ನೋಡುವ ಕ್ರಮವನ್ನು ಅಮೆರಿಕನ್ ಎಕ್ಸ್‌ಪ್ರೆಸ್ 2019ರಲ್ಲಿ ಶುರುಮಾಡಿತು. ಇಲ್ಲಿ ಕೆಲವು ವರ್ಷ ಸಂಬಳ ಎಣಿಸಿ, ಕಾರ್ಡು ಬಳಸಿ ಹೋದವರಿಗೆ ಅದು ಕೆಲಸಕ್ಕೆ ಬರಬಹುದು. ಕಾಲೇಜಿನಿಂದ ನೇರವಾಗಿ ಹೋದ ಮಕ್ಕಳಿಗೆ ತೋರಿಸಲು ಏನಿರುತ್ತದೆ?

ಅಲ್ಲಿ ಪತ್ತಿಗೆ ಅಂಕ ಹಾಕುವ ಪದ್ಧತಿಗೆ ಫೈಕೊ ಎನ್ನುತ್ತಾರೆ. 1956ರಲ್ಲಿ ಬಿಲ್ ಫೇರ್ ಎಂಬ ಇಂಜಿನಿಯರ್ ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞ ಸೇರಿ ಕಟ್ಟಿದ ಕಂಪನಿಯ ಹೆಸರು ಅದು. ಈಗ ಎಲ್ಲರೂ ಕೇಳುವ ಅಂಕ 1989ರಲ್ಲಿ ಬಂತು. 300ರಿಂದ 850ರವರೆಗೆ. ಅದರಲ್ಲಿ ಶೇಕಡ 35 ಭಾಗ ಸರಿಯಾದ ದಿನಕ್ಕೆ ಕಟ್ಟಿದ್ದೀರೋ ಇಲ್ಲವೋ ಎನ್ನುವುದಕ್ಕೆ. ಶೇಕಡ 30 ಭಾಗ, ಸಿಕ್ಕ ಮಿತಿಯಲ್ಲಿ ಎಷ್ಟನ್ನು ಬಳಸಿಕೊಂಡಿದ್ದೀರಿ ಎನ್ನುವುದಕ್ಕೆ. ಇನ್ನುಳಿದದ್ದು ಖಾತೆಯ ವಯಸ್ಸು, ಹೊಸ ಅರ್ಜಿಗಳು, ಸಾಲದ ಬಗೆಗಳು. ಒಂದು ಖಾತೆಯಾದರೂ ಆರು ತಿಂಗಳು ಹಳೆಯದಾಗದೆ ಫೈಕೊ ಅಂಕವೇ ಹುಟ್ಟುವುದಿಲ್ಲ. ಅಂಕ ಇಲ್ಲದಿದ್ದರೆ ಬಾಡಿಗೆ ಮನೆಯವರು ಹೆಚ್ಚು ಮುಂಗಡ ಕೇಳುತ್ತಾರೆ, ಕರೆಂಟಿನವರು ಠೇವಣಿ ಕೇಳಬಹುದು, ಕಾರಿನ ಸಾಲಕ್ಕೆ ಬಡ್ಡಿ ಏರುತ್ತದೆ. ಸಾಲ ಕೊಡದೆ ದಾಖಲೆ ಹುಟ್ಟುವುದಿಲ್ಲ, ದಾಖಲೆ ಇಲ್ಲದೆ ಸಾಲ ಕೊಡುವುದಿಲ್ಲ. ನನ್ನ ಮಗಳು ಸಿಕ್ಕಿಕೊಂಡದ್ದು ಇಲ್ಲೇ.

ಇದರಿಂದ ಹೊರಬರುವ ಬಾಗಿಲಿನ ಹೆಸರು ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್. ಅಂದರೆ ಠೇವಣಿ ಇಟ್ಟು ಪಡೆಯುವ ಕಾರ್ಡು. ಮಗಳು ಅದನ್ನು ವಿವರಿಸುತ್ತಿದ್ದಂತೆ ನನಗೆ ಸಂಘದ ಕೌಂಟರು ಕಣ್ಣಿಗೆ ಬಂತು. ಪಿಗ್ಮಿ ಕಟ್ಟಿದವರಿಗೆ ಆ ಪಿಗ್ಮಿಯ ಮೇಲೆಯೇ ಸಾಲ ಕೊಡುತ್ತಿದ್ದೆವು. ದಿನಕ್ಕೆ ಎರಡಾಣೆಯ ಪಿಗ್ಮಿಯನ್ನು ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಕರಾವಳಿಯಲ್ಲಿ ಶುರುಮಾಡಿತ್ತು, ಆಮೇಲೆ ನಾಡಿಗೆಲ್ಲ ಹಬ್ಬಿತು. ಜಾಮೀನು ಕೊಡಲು ಯಾರೂ ಇಲ್ಲದ ವಿಧವೆಯರು, ಕೂಲಿಯವರು ತಮ್ಮದೇ ಠೇವಣಿಯನ್ನು ಜಾಮೀನಾಗಿಟ್ಟು ಸಾಲ ಪಡೆದು, ಅದನ್ನು ತೀರಿಸಿ, ಮುಂದಿನ ಸಲ ಠೇವಣಿ ಇಲ್ಲದೆಯೇ ಪಡೆಯುವಷ್ಟು ಹೆಸರು ಮಾಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಅಮೆರಿಕದ ಈ ಕಾರ್ಡೂ ಹಾಗೆಯೇ. ಸಾಮಾನ್ಯವಾಗಿ 200 ಡಾಲರು ಇಡಿ, 200 ಡಾಲರು ಮಿತಿಯ ಕಾರ್ಡು ಪಡೆಯಿರಿ, ತಿಂಗಳು ತಿಂಗಳು ಬಳಸಿ ಕಟ್ಟಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಮಗಳ ಜೊತೆ ಇದ್ದ ದಾವಣಗೆರೆಯ ಹುಡುಗಿ ಅವಳಿಗಿಂತ ಒಂದು ವರ್ಷ ಮೊದಲೇ ಇಂಥ ಕಾರ್ಡು ತೆಗೆದುಕೊಂಡಿದ್ದಳು. ಠೇವಣಿ ಬ್ಯಾಂಕಿನಲ್ಲೇ ಇದೆಯಲ್ಲ, ಬಿಲ್ಲನ್ನು ಅದರಲ್ಲೇ ಮುರಿದುಕೊಳ್ಳುತ್ತಾರೆ ಎಂದು ತಿಳಿದು ಎರಡು ತಿಂಗಳು ಬಿಲ್ಲು ಕಟ್ಟಲೇ ಇಲ್ಲ. ದಂಡ ಬಿತ್ತು. ಅದಾದರೂ ಹೋಗಲಿ, ತಡವಾದ ಕಂತು ದಾಖಲೆಗೆ ಸೇರಿತು. ಅಂಥ ಗುರುತು ಏಳು ವರ್ಷ ಅಲ್ಲಿರುತ್ತದೆ. ಪತ್ತು ಕಟ್ಟಿಕೊಳ್ಳಲೆಂದು ತೆಗೆದ ಕಾರ್ಡಿನಲ್ಲೇ ಆ ಮಗುವಿನ ಪುಟಕ್ಕೆ ಕೆಂಪು ಶಾಯಿ ಬಿತ್ತು. ಠೇವಣಿ ಜಾಮೀನು ಮಾತ್ರ, ಬಿಲ್ಲು ಕಟ್ಟುವ ದುಡ್ಡಲ್ಲ. ನೀವು ಪೂರ್ತಿ ಕೈಬಿಟ್ಟಾಗಲೇ ಬ್ಯಾಂಕು ಅದಕ್ಕೆ ಕೈಹಾಕುವುದು. ಹೋಗುವ ಮಕ್ಕಳಿಗೆ ಇದೊಂದನ್ನು ಬಾಯಿಪಾಠ ಮಾಡಿಸಿ ಕಳಿಸಿ.

ಇನ್ನು ಯಾವ ಕಾರ್ಡು ಆರಿಸಬೇಕು? ನಾನು ಗೋಡೆಯ ಕ್ಯಾಲೆಂಡರಿನಿಂದ ಅಕ್ಟೋಬರ್ ಹಾಳೆ ಹರಿದು, ಹಿಂಬದಿಯಲ್ಲಿ ಮೂರು ಮನೆ ಗೆರೆ ಎಳೆದೆ. ಮಗಳು ಮೂರು ಕಾರ್ಡಿನ ಷರತ್ತುಗಳನ್ನು ಓದಿದಳು, ನಾನು ಬರೆದುಕೊಂಡೆ.

ಮೊದಲನೆಯದು ಜಾಹೀರಾತಿನಲ್ಲಿ ಕಂಡದ್ದು. ಯಾರಿಗಾದರೂ ಕೊಡುತ್ತೇವೆ, ಹಳೆಯ ದಾಖಲೆ ನೋಡುವುದಿಲ್ಲ ಎಂಬ ಭರವಸೆ. ಕೆಳಗೆ ಸಣ್ಣ ಅಕ್ಷರದಲ್ಲಿ ವಾರ್ಷಿಕ ಶುಲ್ಕ, ಅದರ ಮೇಲೆ ಖಾತೆ ನೋಡಿಕೊಳ್ಳುವ ಶುಲ್ಕ. ಮೊದಲ ವರ್ಷದ ಶುಲ್ಕಗಳು ಕಾರ್ಡಿನ ಮಿತಿಯ ಕಾಲುಭಾಗ ದಾಟಬಾರದು ಎಂದು ಅಮೆರಿಕದ 2009ರ ಕಾರ್ಡ್ ಕಾಯ್ದೆ ಹೇಳುತ್ತದೆ. ಆದರೂ 200ಕ್ಕೆ 50 ಡಾಲರು ಎಂದರೆ ಓದುವ ಮಕ್ಕಳಿಗೆ ಎರಡು ವಾರದ ತರಕಾರಿ ದುಡ್ಡು. ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ.

ಎರಡನೆಯದು ಒಂದು ದೊಡ್ಡ ಬ್ಯಾಂಕಿನದು. ವಾರ್ಷಿಕ ಶುಲ್ಕ ಇಲ್ಲ, ಠೇವಣಿ 200 ಡಾಲರು. ಆರೇಳು ತಿಂಗಳು ಸರಿಯಾಗಿ ಕಟ್ಟಿದರೆ ಖಾತೆಯನ್ನು ಪರಿಶೀಲಿಸಿ, ಠೇವಣಿಯನ್ನು ವಾಪಸ್ ಕೊಟ್ಟು, ಅದೇ ಕಾರ್ಡನ್ನು ಸಾಮಾನ್ಯ ಕಾರ್ಡಾಗಿ ಬದಲಾಯಿಸುತ್ತಾರೆ. ಬಡ್ಡಿ ಮಾತ್ರ ಶೇಕಡ 25ಕ್ಕಿಂತ ಮೇಲೆ.

ಮೂರನೆಯದರ ಹತ್ತಿರ ಬಂದಾಗ ನನಗೆ ರೋಮಾಂಚನವಾಯಿತು. ಅದು ವಿಶ್ವವಿದ್ಯಾಲಯದ ಆವರಣದ ಕ್ರೆಡಿಟ್ ಯೂನಿಯನ್ನಿನದು. "ಅಮ್ಮ, ಕಾರ್ಡು ಬೇಕಾದರೆ ಮೊದಲು 5 ಡಾಲರು ಷೇರು ಕಟ್ಟಿ ಸದಸ್ಯೆ ಆಗಬೇಕಂತೆ" ಅಂದಳು. ಷೇರು! ಇಪ್ಪತ್ತೆಂಟು ವರ್ಷ ನಾನು ಜನರಿಗೆ ಹೇಳಿದ ಮಾತು ಅದೇ: ಮೊದಲು ಷೇರು ಕಟ್ಟಿ, ಸದಸ್ಯರಾಗಿ, ಆಮೇಲೆ ಸಾಲದ ಮಾತು. ಕ್ರೆಡಿಟ್ ಯೂನಿಯನ್ ಅಂದರೆ ಅಕ್ಷರಶಃ ಪತ್ತಿನ ಸಂಘ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘ ನಮ್ಮ ಸಹಕಾರ ಚಳವಳಿಯ ಮೊದಲ ಮನೆ. ಅಮೆರಿಕದ ಮೊದಲ ಕ್ರೆಡಿಟ್ ಯೂನಿಯನ್ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರಿನಲ್ಲಿ ಬಾಗಿಲು ತೆರೆದದ್ದು 1908ರಲ್ಲಿ, ಗಿರಣಿ ಕೆಲಸಕ್ಕೆ ವಲಸೆ ಬಂದ ಫ್ರೆಂಚ್ ಮಾತಿನ ಜನರಿಗಾಗಿ. ಅವರೂ ಪರದೇಶಕ್ಕೆ ಬಂದು ಪತ್ತಿಲ್ಲದೆ ನಿಂತವರೇ. ಕೇಂದ್ರ ಸರ್ಕಾರದ ಪರವಾನಗಿಯ ಕ್ರೆಡಿಟ್ ಯೂನಿಯನ್ನುಗಳು ಶೇಕಡ 18ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ನನ್ನ ಮನಸ್ಸು ಪೂರ್ತಿ ಅತ್ತ ವಾಲಿತು.

ಆದರೆ ಎಲ್ಲದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬಡ್ಡಿಯದಲ್ಲ, ಶುಲ್ಕದ್ದೂ ಅಲ್ಲ. ನಾನು ಕಟ್ಟಿದ ಕಂತನ್ನು ಯಾವ ಯಾವ ಪುಸ್ತಕದಲ್ಲಿ ಬರೆಸುತ್ತೀರಿ? ಮೂರೂ ಸಂಸ್ಥೆಗಳಿಗೆ ತಿಂಗಳು ತಿಂಗಳು ವರದಿ ಕಳಿಸುತ್ತೀರಾ? ಇದನ್ನೇ ಕೇಳು ಎಂದು ಹಟ ಹಿಡಿದೆ. ಕೆಲವರು ಎರಡಕ್ಕೆ ಕಳಿಸುತ್ತಾರೆ, ಕೆಲವರು ಒಂದಕ್ಕೆ. ಮೊದಲೇ ದುಡ್ಡು ತುಂಬಿಸಿ ಬಳಸುವ ಪ್ರಿಪೇಯ್ಡ್ ಕಾರ್ಡಿನವರು, ಡೆಬಿಟ್ ಕಾರ್ಡಿನವರು ಸಾಮಾನ್ಯವಾಗಿ ಯಾವುದಕ್ಕೂ ಕಳಿಸುವುದಿಲ್ಲ. ನೋಡಲು ಎಲ್ಲ ಒಂದೇ ಥರದ ಪ್ಲಾಸ್ಟಿಕ್ಕು. ಮಗಳು ಎರಡೂ ಕಡೆ ಫೋನು ಮಾಡಿ ಕೇಳಿದಳು. ಇಬ್ಬರೂ ಮೂರಕ್ಕೂ ಕಳಿಸುತ್ತೇವೆ ಅಂದರು.

ಕೊನೆಗೆ ಅವಳು ಆರಿಸಿದ್ದು ಬ್ಯಾಂಕಿನ ಕಾರ್ಡನ್ನು. ಕ್ರೆಡಿಟ್ ಯೂನಿಯನ್ನಿನವರು ಠೇವಣಿ ವಾಪಸ್ ಕೊಡುವ ಮಾತಿಗೆ ಒಂದು ವರ್ಷದ ಮೇಲೆ ಬನ್ನಿ ಎಂದಿದ್ದರು. "ಬಿಲ್ಲು ಪೂರ್ತಿ ಕಟ್ಟಿದರೆ ಬಡ್ಡಿ 18 ಆದರೇನು 28 ಆದರೇನು? ನನಗೆ ಬೇಕಾದದ್ದು 200 ಡಾಲರು ಬೇಗ ವಾಪಸ್ ಬರೋದು" ಅಂದಳು. ಆಗಿನ ಲೆಕ್ಕಕ್ಕೆ ಅದು 16 ಸಾವಿರ ರೂಪಾಯಿ. ಅವಳ ಮಾತು ಸರಿಯಾಗಿತ್ತು. ಆದರೆ ಪ್ರತಿ ತಿಂಗಳೂ ಪೂರ್ತಿ ಕಟ್ಟುವ ಶಕ್ತಿ ಇರಲಿಕ್ಕಿಲ್ಲ ಎನ್ನುವ ಅಳುಕು ಇದ್ದವರಿಗೆ ನಾನು ಇವತ್ತೂ ಪತ್ತಿನ ಸಂಘದ ಬಾಗಿಲನ್ನೇ ತೋರಿಸುತ್ತೇನೆ. 5 ಡಾಲರು ಷೇರನ್ನು ಅವಳೂ ಕಟ್ಟಿದಳು. ಮುಂದೆ ಕಾರಿನ ಸಾಲಕ್ಕೆ ಅದೇ ದಾರಿಯಾಯಿತು.

ಅರ್ಜಿ ಹಾಕುವಾಗ ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುತ್ತಾರೆ. ವಿದ್ಯಾರ್ಥಿಗಳಿಗೆ ಅದು ಹೋದ ಕೂಡಲೇ ಸಿಗುವುದಿಲ್ಲ, ಕೆಲಸ ಸಿಗಬೇಕು. ಮಗಳಿಗೆ ಗ್ರಂಥಾಲಯದಲ್ಲಿ ವಾರಕ್ಕೆ 20 ಗಂಟೆಯೊಳಗಿನ ಕೆಲಸ ಸಿಕ್ಕ ಮೇಲೆ ಬಂತು. ಸಿಗದವರಿಗೆ ತೆರಿಗೆಯ ಐಟಿನ್ ಸಂಖ್ಯೆ ಒಪ್ಪುವ ಬ್ಯಾಂಕುಗಳಿವೆ, ಅಂಥವನ್ನು ವಿಚಾರಿಸಬೇಕು. 21 ತುಂಬದವರಿಗೆ ಸ್ವಂತ ಆದಾಯ ತೋರಿಸದೆ ಕಾರ್ಡು ಕೊಡುವಂತಿಲ್ಲ ಎಂದು ಅದೇ 2009ರ ಕಾಯ್ದೆ ಹೇಳುತ್ತದೆ, ಇಲ್ಲವೇ ದೊಡ್ಡವರು ಜೊತೆಗೆ ಸಹಿ ಹಾಕಬೇಕು. ಒಂದು ಕಡೆ ಬೇಡ ಎಂದರು ಎಂದು ಸಿಟ್ಟಿನಲ್ಲಿ ನಾಲ್ಕು ಕಡೆ ಅರ್ಜಿ ಹಾಕುವುದೂ ತಪ್ಪು. ಪ್ರತಿ ಅರ್ಜಿಯ ಗುರುತು ದಾಖಲೆಯಲ್ಲಿ ಎರಡು ವರ್ಷ ಇರುತ್ತದೆ. ಬೇಡ ಎಂದ ಕಾಗದವನ್ನು ಎಸೆಯಬೇಡಿ. ಅದರ ಆಧಾರದ ಮೇಲೆ 60 ದಿನದೊಳಗೆ ನಿಮ್ಮ ದಾಖಲೆಯ ಪ್ರತಿಯನ್ನು ಪುಕ್ಕಟೆ ತರಿಸಿ ನೋಡುವ ಹಕ್ಕು ನಿಮಗಿದೆ.

ಕಾರ್ಡು ಬಂದ ಮೇಲಿನ ಮಾತು. ನಮ್ಮ ಕಡೆ ಕೆರೆ ತುಂಬಿತು ಅಂತ ಯಾರೂ ತೂಬನ್ನು ಪೂರ್ತಿ ಎತ್ತುವುದಿಲ್ಲ. ಆ ವರ್ಷವೇ, 2022ರ ಸೆಪ್ಟೆಂಬರಿನಲ್ಲಿ, ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿದ್ದಿತ್ತು, 1933ರ ನಂತರ ಮೊದಲ ಸಲ. ಹಿರಿಯೂರಿನ ಹಾದಿಯಲ್ಲಿ ಜನಜಾತ್ರೆ. ನಾನು ಮಗಳಿಗೆ ಅದರ ವಿಡಿಯೋ ಕಳಿಸಿ, ಕಾರ್ಡಿನ ಮಿತಿಯನ್ನೂ ಹೀಗೆ ನೋಡು ಎಂದಿದ್ದೆ. 200 ಡಾಲರು ಮಿತಿಯಲ್ಲಿ 150 ಡಾಲರಿನ ದಿನಸಿ ತಂದರೆ, ಬಿಲ್ಲನ್ನು ದಿನಕ್ಕೆ ಸರಿಯಾಗಿ ಕಟ್ಟಿದರೂ, ಮುಕ್ಕಾಲು ನೀರು ಎತ್ತಿದ ಹಾಗೆ ಪುಸ್ತಕಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಬಿಲ್ಲು ತಯಾರಾಗುವ ದಿನದ ಬಾಕಿಯನ್ನೇ ವರದಿ ಮಾಡುತ್ತಾರೆ. ಶೇಕಡ 30ರ ಒಳಗಿರಲಿ ಎನ್ನುತ್ತಾರೆ ತಿಳಿದವರು. ಅದಕ್ಕೂ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಮಗಳು ಆ ಕಾರ್ಡಿನಲ್ಲಿ ತನ್ನ ಮೊಬೈಲು ಬಿಲ್ಲು ಮತ್ತು ವಾರಕ್ಕೊಮ್ಮೆ ಹಾಲು ಬ್ರೆಡ್ಡು ಮಾತ್ರ ತರುತ್ತಿದ್ದಳು. ಬ್ಯಾಂಕು ಖಾತೆಯಿಂದ ಪೂರ್ತಿ ಬಿಲ್ಲು ತಾನೇ ಕಟ್ಟಿಹೋಗುವಂತೆ ಹೊಂದಿಸಿಟ್ಟಳು. ಆರು ತಿಂಗಳು ಕಳೆದು ಮೊದಲ ಅಂಕ ಬಂತು: 700ಕ್ಕೆ ಹತ್ತು ಕಡಿಮೆ. ಎಂಟನೆಯ ತಿಂಗಳು ಠೇವಣಿ ವಾಪಸ್ ಬಂತು. ಆ ರಾತ್ರಿ ನಮ್ಮಿಬ್ಬರಿಗೂ ಆದ ಸಂತೋಷವನ್ನು ಹೇಗೆ ಹೇಳಲಿ!

ಎಲ್ಲ ದೇಶದಲ್ಲೂ ಇದೇ ದಾರಿಯಲ್ಲ. ಕೆನಡಾದಲ್ಲಿ ಹೊಸದಾಗಿ ಬಂದವರಿಗೆಂದೇ ದೊಡ್ಡ ಬ್ಯಾಂಕುಗಳು ಠೇವಣಿ ಇಲ್ಲದ ಕಾರ್ಡು ಕೊಡುವುದುಂಟು, ಅದನ್ನು ಮೊದಲು ಕೇಳಬೇಕು. ಬ್ರಿಟನ್ನಿಗೆ ಹೋದವರಿಗೆ ಒಂದು ವಿಶೇಷ ಅನುಕೂಲ ಇದೆ: ನಾವು ಕಾಮನ್‌ವೆಲ್ತ್ ದೇಶದವರಾದ್ದರಿಂದ ಅಲ್ಲಿ ವಾಸವಿರುವಾಗ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಆ ಪಟ್ಟಿಯಲ್ಲಿ ಹೆಸರಿದ್ದರೆ ಪತ್ತಿಗೂ ಬಲ. ಜರ್ಮನಿಯಲ್ಲಿ ಷೂಫಾ ಎಂಬ ಸಂಸ್ಥೆ 1927ರಿಂದ ಈ ಪುಸ್ತಕ ಇಟ್ಟಿದೆ. ಅಲ್ಲಿ ಕಾರ್ಡಿಗಿಂತ ವಿಳಾಸದ ನೋಂದಣಿ, ಬ್ಯಾಂಕು ಖಾತೆ, ಬಾಕಿ ಇಡದ ಬಿಲ್ಲು ಇವೇ ಮುಖ್ಯ.

ಊರಿನಲ್ಲಿರುವ ತಂದೆತಾಯಿಗಳಿಗೆ ಒಂದು ಮಾತು. ನಾವು ಮಗಳ ಓದಿಗೆ ಹೊಸದುರ್ಗದ ಸೈಟನ್ನು ಅಡವಿಟ್ಟಿದ್ದೆವು. ಓದಿನ ಸಾಲದಲ್ಲಿ ಮಕ್ಕಳ ಜೊತೆ ನಮ್ಮ ಹೆಸರೂ ಇರುತ್ತದೆ. ಮಗಳು ಅಲ್ಲಿ ಹೊಸ ಪುಟ ಬರೆಯುತ್ತಿರುವಾಗ ಇಲ್ಲಿನ ಪುಟಕ್ಕೆ ಸುಸ್ತಿ ಬಿದ್ದರೆ ಮಗಳದ್ದೂ ಕೆಡುತ್ತದೆ, ನಮ್ಮದೂ ಕೆಡುತ್ತದೆ. ನಾಳೆ ನಾವು ಬೋರ್‌ವೆಲ್ಲಿಗೋ ಅಡಿಕೆ ತೋಟಕ್ಕೋ ಸಾಲ ಕೇಳಿದರೆ ಅದು ಎದುರಿಗೆ ಬಂದು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಪತ್ತಿನ ದಾಖಲೆ ಇಡುವ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2017ರಿಂದ ಅದು ಜಾರಿಯಲ್ಲಿದೆ. ಯುಗಾದಿಗೊಮ್ಮೆ ತರಿಸಿ ನೋಡಿ. ಇಲ್ಲಿ ಎಫ್‌ಡಿ ಇಟ್ಟು ಪಡೆದ ಕಾರ್ಡನ್ನು ಮಕ್ಕಳ ಕೈಗೆ ಕೊಟ್ಟು ಕಳಿಸುವವರಿದ್ದಾರೆ. ತುರ್ತಿಗೆ ಅದು ಒಳ್ಳೆಯದೇ. ಆದರೆ ಅದು ಬೆಳೆಸುವುದು ಇಲ್ಲಿನ ಪತ್ತನ್ನು, ಅಲ್ಲಿನದನ್ನಲ್ಲ.

ಕೊನೆಯದಾಗಿ, ವಾಪಸ್ ಬರುವವರ ವಿಷಯ. ಆ ದಾವಣಗೆರೆಯ ಹುಡುಗಿ ತನ್ನ ಕೆಂಪು ಗುರುತನ್ನು ಒಂದೂವರೆ ವರ್ಷ ತಪ್ಪದೆ ಕಟ್ಟಿ ಹಿಂದಕ್ಕೆ ಸರಿಸಿದಳು. ಆಮೇಲೆ ತಾಯಿಗೆ ಹುಷಾರಿಲ್ಲ ಎಂದು ಅವಸರದಲ್ಲಿ ಊರಿಗೆ ಹೊರಟಳು. ವಿಮಾನ ಹತ್ತುವ ಹಿಂದಿನ ದಿನ ಕಾರ್ಡು ಮುಚ್ಚಿಸಿದಳು, ಅದರ ಜೊತೆಗೇ ಬ್ಯಾಂಕು ಖಾತೆಯನ್ನೂ ಮುಚ್ಚಿಸಿದಳು. ಠೇವಣಿ ಅದೇ ದಿನ ಬರುವುದಿಲ್ಲ, ಕೊನೆಯ ಬಿಲ್ಲುಗಳೆಲ್ಲ ತೀರಿದ ಮೇಲೆ ಕೆಲವು ವಾರ ಕಳೆದು ಬರುತ್ತದೆ. ಅವಳದ್ದು ಚೆಕ್ಕಾಗಿ ಬಂತು, ಬಿಟ್ಟುಹೋದ ಮನೆಯ ವಿಳಾಸಕ್ಕೆ. ಅಲ್ಲಿ ಹೊಸದಾಗಿ ಸೇರಿದವರು ಲಕೋಟೆಯನ್ನು ತಂದು ನನ್ನ ಮಗಳಿಗೆ ಕೊಟ್ಟರು. ಕಾರ್ಡು ಮುಚ್ಚಿಸುವ ಕೆಲಸವನ್ನು ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಮಾಡಬೇಕು, ಠೇವಣಿ ಕೈಗೆ ಬಂದ ಮೇಲೆ ಬ್ಯಾಂಕು ಖಾತೆ ಮುಚ್ಚಬೇಕು. ಆ ಲಕೋಟೆ ಈಗಲೂ ಮಗಳ ಮೇಜಿನ ಖಾನೆಯಲ್ಲಿದೆ. ಹೊಸ ಚೆಕ್ಕು ಬರೆದು ದಾವಣಗೆರೆಗೆ ಕಳಿಸಿ ಎಂದು ಮೂರು ಪತ್ರ ಹೋಗಿವೆ, ಉತ್ತರಕ್ಕೆ ಕಾಯುತ್ತಿದ್ದೇವೆ.